ತಾರಸಿಗೆ ನಗದು, ಅಡುಗೆಮನೆಗೆ ಸಾಲ: ಮನೆ ದುರಸ್ತಿಯ ಒಂದು ಪ್ರಕರಣ

ಮನೆ ಕೆಲಸಕ್ಕೆ ಬೇಕಾದದ್ದು 1000. ಉಳಿತಾಯ, ಠೇವಣಿ, ಹೂಡಿಕೆ ಎಲ್ಲ ಸೇರಿದರೆ ಕೈಯಲ್ಲಿರುವುದು 1050. ಹಾಗಿದ್ದ ಮೇಲೆ ಸಾಲದ ಗೊಡವೆ ಏಕೆ? ಈ ಕುಟುಂಬದ ಮೊದಲ ಪ್ರಶ್ನೆ ಇದೇ ಆಗಿತ್ತು. ಹಲವು ಮನೆಗಳಲ್ಲಿ ಬಿಡಿಬಿಡಿಯಾಗಿ ಕಾಣುವ ಸ್ಥಿತಿಗಳನ್ನು ಒಂದೇ ಮನೆಗೆ ತಂದು ಈ ಪ್ರಕರಣವನ್ನು ಕಟ್ಟಲಾಗಿದೆ. ಒಟ್ಟು ಅಂದಾಜನ್ನು 1000 ಎಂದು ಇಟ್ಟುಕೊಂಡಿರುವುದರಿಂದ ಉಳಿದ ಮೊತ್ತಗಳೆಲ್ಲ ಅದೇ ಅಳತೆಯವು. ನಿಮ್ಮ ಅಂದಾಜು ಇದರ ಎಷ್ಟು ಪಟ್ಟೋ ಅಷ್ಟರಿಂದ ಗುಣಿಸಿಕೊಳ್ಳಿ.

ಮನೆಯ ಸ್ಥಿತಿ, ಕೈಯ ಸ್ಥಿತಿ

ಮನೆಗೆ 22 ವರ್ಷ. ಸಮತಟ್ಟಾದ ಕಾಂಕ್ರೀಟ್ ತಾರಸಿ ಎರಡು ಕಡೆ ಸೋರುತ್ತಿದೆ. ಮಲಗುವ ಕೋಣೆಯ ಚಾವಣಿಯಲ್ಲಿ ತುಕ್ಕಿನ ಕಂದು ಕಲೆ ಬಿದ್ದಿದೆ, ಒಂದು ಮೂಲೆಯಲ್ಲಿ ಗಾರೆ ಉದುರಿ ಕಂಬಿ ಕಾಣುತ್ತಿದೆ. ವೈರಿಂಗ್ ಮನೆ ಕಟ್ಟಿದಾಗಿನದೇ. ಅಡುಗೆಮನೆಯ ಸಿಂಕ್ ಕೆಳಗಿನ ಹಲಗೆ ನೀರು ಕುಡಿದು ಉಬ್ಬಿದೆ, ಕಪಾಟಿನ ಬಾಗಿಲುಗಳು ಮುಚ್ಚುವುದಿಲ್ಲ. ಅಂದಾಜು ತಾರಸಿಗೆ 340, ವೈರಿಂಗ್‌ಗೆ 180, ಅಡುಗೆಮನೆಗೆ 480.

ದಂಪತಿಗಳಿಬ್ಬರೂ ದುಡಿಯುತ್ತಾರೆ. ಹೆಂಡತಿಯದು ಕಾಯಂ ಕೆಲಸ, ತಿಂಗಳಿಗೆ 90. ಗಂಡನದು ಒಪ್ಪಂದದ ಕೆಲಸ, ತಿಂಗಳಿಗೆ 50. ಆ ಒಪ್ಪಂದ ಇನ್ನು ಒಂಬತ್ತು ತಿಂಗಳಿಗೆ ಮುಗಿಯುತ್ತದೆ. ಹಳೆಯ ಗೃಹಸಾಲದ ಕಂತು 18 ಸೇರಿ ತಿಂಗಳ ಖರ್ಚು 105. ಉಳಿಯುವುದು 35. ಎಲ್ಲ ಬಿಗಿ ಹಿಡಿದರೆ 85ರಲ್ಲಿ ಮನೆ ನಡೆಯುತ್ತದೆ. ಈ 85 ಎನ್ನುವ ಸಂಖ್ಯೆ ಮುಂದೆ ಪದೇ ಪದೇ ಬೇಕಾಗುತ್ತದೆ.

ಕೈಯಲ್ಲಿರುವ 1050ರಲ್ಲಿ ಉಳಿತಾಯ ಖಾತೆಯಲ್ಲಿ 420, ಇನ್ನು ಆರು ತಿಂಗಳಲ್ಲಿ ಅವಧಿ ಮುಗಿಯುವ ಎರಡು ವರ್ಷದ ನಿಶ್ಚಿತ ಠೇವಣಿಯಲ್ಲಿ 380, ಷೇರು ಆಧಾರಿತ ಮ್ಯೂಚುವಲ್ ಫಂಡಿನಲ್ಲಿ 250. ಫಂಡಿನ ಹಣ ಎಂಟು ವರ್ಷದ ನಂತರದ ಮಗಳ ಓದಿಗೆಂದು ಎತ್ತಿಟ್ಟದ್ದು. ಠೇವಣಿಗೆ 6.5% ಬಡ್ಡಿ, ಅದು ತಿಂಗಳು ತಿಂಗಳು ಖಾತೆಗೆ ಬರುವುದರಿಂದ ಆದಾಯದಲ್ಲೇ ಸೇರಿದೆ.

ಎಲ್ಲವನ್ನೂ ನಗದಿನಲ್ಲೇ ಮುಗಿಸಿದರೆ

ಫಂಡ್ ಮಾರಬೇಕು, ಠೇವಣಿ ಒಡೆಯಬೇಕು. ಅವಧಿಗೆ ಮುಂಚೆ ಒಡೆದರೆ ಬ್ಯಾಂಕು ಬಡ್ಡಿದರದಲ್ಲಿ 1 ಶೇಕಡಾ ಅಂಶ ಕಡಿತ ಮಾಡುತ್ತದೆ. ಈಗಾಗಲೇ ಕಳೆದ 18 ತಿಂಗಳಿಗೆ ಲೆಕ್ಕ ಹಾಕಿದರೆ 380ರ ಮೇಲೆ 5.7 ಹೋಯಿತು. ಕೆಲಸವೆಲ್ಲ ಮುಗಿದ ಮೇಲೆ ಉಳಿಯುವುದು 44, ಅಂದರೆ ಬಿಗಿ ಹಿಡಿದರೂ ಹದಿನೈದು ದಿನದ ಸಂಸಾರ. ಅದೂ ಅಂದಾಜು ಒಂದು ಚೂರೂ ಮೀರದಿದ್ದರೆ. ಗೋಡೆ ಒಡೆಯುವ ಕೆಲಸದಲ್ಲಿ ಅಂದಾಜು 5% ಮೀರದಿರುವುದೇ ಅಪರೂಪ. 5% ಮೀರಿದರೆ ಇಲ್ಲಿ ಕೈ ಪೂರ್ತಿ ಖಾಲಿ.

ಸಾಲವಿಲ್ಲದ ಮನೆ ನೆಮ್ಮದಿಯದೆಂಬ ಮಾತು ಸುಳ್ಳಲ್ಲ. ಆದರೆ ಒಂಬತ್ತು ತಿಂಗಳಾದ ಮೇಲೆ ಗಂಡನ ಒಪ್ಪಂದ ಮುಂದುವರಿಯಲಿಲ್ಲ ಎಂದುಕೊಳ್ಳಿ. ಆದಾಯ 90, ಬಿಗಿ ಖರ್ಚು 85. ಆಗ ಆಸ್ಪತ್ರೆಯ ಒಂದು ಬಿಲ್ಲು ಬಂದರೂ ಸಾಲ ಮಾಡಲೇಬೇಕು, ಅದೂ ಆದಾಯ ಇಳಿದ ಹೊತ್ತಿನಲ್ಲಿ. ಸಾಲ ಕೊಡುವವರು ನೋಡುವುದು ಇವತ್ತಿನ ಸಂಬಳದ ಚೀಟಿ. ಬೇಡದಿದ್ದಾಗ ಕರೆದು ಕೊಡುವವರೇ ಬೇಕಾದಾಗ ಅರ್ಜಿ ತಿರಸ್ಕರಿಸುತ್ತಾರೆ, ಕೊಟ್ಟರೂ ದುಬಾರಿ ದರಕ್ಕೆ ಕೊಡುತ್ತಾರೆ. ಹಾಗಾಗಿ ಇಲ್ಲಿ ಮೊದಲು ಕೇಳಬೇಕಾದದ್ದು ಎಷ್ಟು ಬಡ್ಡಿ ಉಳಿಯಿತು ಎಂದಲ್ಲ, ಕೆಲಸಗಾರರಿಗೆ ಕೊಟ್ಟ ಮೇಲೆ ಕೈಯಲ್ಲಿ ಎಷ್ಟು ಉಳಿಯಿತು ಎಂದು.

ಈ ಮನೆಗೆ ಆಪದ್ಧನ ಎಂದು ಮುಟ್ಟದೆ ಇಡಬೇಕಾದದ್ದು 85ರ ನಾಲ್ಕು ಪಟ್ಟು, 340. ಇಬ್ಬರ ದುಡಿಮೆ ಇರುವುದರಿಂದ ನಾಲ್ಕು ತಿಂಗಳು ಸಾಕೆಂದು ತೀರ್ಮಾನಿಸಲಾಯಿತು. ಒಬ್ಬರೇ ದುಡಿಯುವ ಮನೆಗಾದರೆ ಆರಕ್ಕಿಂತ ಕಡಿಮೆ ಇಡುವುದು ಸರಿಯಲ್ಲ.

ಎಲ್ಲವನ್ನೂ ಸಾಲದಲ್ಲೇ ಮಾಡಿದರೆ

ಮೂರು ಬಗೆಯ ಸಾಲಗಳು ಮುಂದೆ ಬಂದವು. ವೈಯಕ್ತಿಕ ಸಾಲಕ್ಕೆ 11%, ಐದು ವರ್ಷ: 1000ಕ್ಕೆ ತಿಂಗಳ ಕಂತು 21.7, ಒಟ್ಟು ಬಡ್ಡಿ 304.5, ಇದರ ಮೇಲೆ 2% ಪ್ರೊಸೆಸಿಂಗ್ ಶುಲ್ಕ. ಹಳೆಯ ಗೃಹಸಾಲದ ಮೇಲೆಯೇ ಹೆಚ್ಚುವರಿಯಾಗಿ ಕೊಡುವ ಸಾಲವಾದ ಟಾಪ್‌ಅಪ್‌ಗೆ 9%, ಹತ್ತು ವರ್ಷ: ಕಂತು ಬರೀ 12.7. ಮೂರನೆಯದು ಒಬ್ಬ ಮಧ್ಯವರ್ತಿ ತಂದ ‘7%’ ಸಾಲ, ಐದು ವರ್ಷ.

ಕಂತು ನೋಡಿದರೆ ಟಾಪ್‌ಅಪ್‌ಗೇ ಕೈ ಹೋಗುತ್ತದೆ. ದರ ಕಡಿಮೆ, ಕಂತೂ ಕಡಿಮೆ. ಆದರೆ 12.67ನ್ನು 120 ತಿಂಗಳಿಗೆ ಗುಣಿಸಿದರೆ 1520: ಬಡ್ಡಿಯೇ 520. ಹೆಚ್ಚು ದರದ ವೈಯಕ್ತಿಕ ಸಾಲಕ್ಕಿಂತ 215ರಷ್ಟು ಜಾಸ್ತಿ. ಅದೇ ಟಾಪ್‌ಅಪ್ಪನ್ನು ಐದು ವರ್ಷಕ್ಕೆ ಕೇಳಿದ್ದರೆ ಕಂತು 20.8, ಬಡ್ಡಿ 245.5. ಅಂದರೆ ಟಾಪ್‌ಅಪ್ ಕೆಟ್ಟದ್ದಲ್ಲ, ಕೆಟ್ಟದ್ದು ಹತ್ತು ವರ್ಷದ ಅವಧಿ. ಹತ್ತು ವರ್ಷದಲ್ಲಿ ಅಡುಗೆಮನೆಯ ಕಪಾಟಿನ ಕೀಲು ಸವೆದು, ಬಾಗಿಲಿನ ಲ್ಯಾಮಿನೇಟ್ ಎದ್ದು, ಇನ್ನೊಂದು ಸುತ್ತಿನ ಕೆಲಸ ಕಾದಿರುತ್ತದೆ. ಹಳೆಯದರ ಕಂತು ಮಾತ್ರ ನಡೆಯುತ್ತಲೇ ಇರುತ್ತದೆ. ಸಾಲದ ಅವಧಿ ಕೆಲಸದ ಬಾಳಿಕೆಯನ್ನು ಮೀರಬಾರದು. ಟಾಪ್‌ಅಪ್‌ಗೆ ಅಡವಾಗಿರುವುದು ವಾಸದ ಮನೆಯೇ ಎನ್ನುವುದೂ ನೆನಪಿರಬೇಕು.

‘7%’ ಸಾಲದ ಕಾಗದವನ್ನು ಹತ್ತಿರದಿಂದ ನೋಡಿದಾಗ ಅದು ಫ್ಲಾಟ್ ದರ ಎಂದು ತಿಳಿಯಿತು. ತೀರಿಸುತ್ತ ಹೋದರೂ ಬಡ್ಡಿ ಮಾತ್ರ ಮೊದಲ ದಿನದ 1000ದ ಮೇಲೆಯೇ. ಐದು ವರ್ಷಕ್ಕೆ ಬಡ್ಡಿ 350, ಕಂತು 22.5. ಇಳಿಯುವ ಬಾಕಿಯ ಲೆಕ್ಕದಲ್ಲಿ ಇದು ವರ್ಷಕ್ಕೆ ಸುಮಾರು 12.5%. ಏಳು ಎಂದು ಕರೆದದ್ದು ಹನ್ನೊಂದಕ್ಕಿಂತ ದುಬಾರಿ. ಇದನ್ನು ಪತ್ತೆ ಮಾಡಲು ಸೂತ್ರ ಬೇಕಿಲ್ಲ: ಒಂದೇ ಮೊತ್ತ, ಒಂದೇ ಅವಧಿ ಹೇಳಿ ಪ್ರತಿಯೊಬ್ಬರನ್ನೂ ಕಂತು ಎಷ್ಟು, ಕೈಗೆ ಬರುವುದು ಎಷ್ಟು ಎಂದು ಕೇಳಿ. ಕಂತು ಹೆಚ್ಚಿರುವುದೇ ದುಬಾರಿ ಸಾಲ, ಅದರ ಹಣೆಯ ಮೇಲೆ ಯಾವ ಶೇಕಡಾ ಬರೆದಿದ್ದರೂ.

ಎಲ್ಲವನ್ನೂ ಸಾಲದಲ್ಲಿ ಮಾಡಿ 1050ನ್ನು ಹಾಗೇ ಇಟ್ಟುಕೊಂಡರೆ ಅಪಾಯ ಕಡಿಮೆ, ನಿಜ. ಆದರೆ 11% ಕೊಟ್ಟು ತಂದ ಹಣದ ಪಕ್ಕದಲ್ಲೇ 6.5% ತರುವ ಠೇವಣಿ ಕೂತಿರುತ್ತದೆ. ನಡುವಿನ 4.5 ಶೇಕಡಾ ಅಂಶ ಒಂದು ಬಗೆಯ ವಿಮೆಯ ಕಂತು. ಆಪದ್ಧನದ 340ಕ್ಕೆ ಆ ವಿಮೆ ಕಟ್ಟಬಹುದು, ಅದಕ್ಕೂ ಮೇಲಿನದಕ್ಕೆ ಕಟ್ಟುವುದು ಹಣ ಚೆಲ್ಲಿದಂತೆ. ‘ಫಂಡು ವರ್ಷಕ್ಕೆ 11%ಗಿಂತ ಹೆಚ್ಚು ಬೆಳೆದರೆ ಸಾಲವೇ ಲಾಭ’ ಎಂಬ ವಾದವೂ ಬಂತು. ಬೆಳೆದರೆ ಹೌದು. ಸಾಲದ ಬಡ್ಡಿ ನಿಶ್ಚಿತ, ಫಂಡಿನ ಬೆಳವಣಿಗೆ ಅಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು ಲೆಕ್ಕ. ಫಂಡನ್ನು ಮುಟ್ಟದಿರಲು ಕಾರಣ ಬೇರೆ. ಅದರ ಕೆಲಸ ಎಂಟು ವರ್ಷದ ನಂತರದ್ದು. ಕಪಾಟಿಗಾಗಿ ಅದನ್ನು ಮಾರಿದರೆ ಮತ್ತೆ ತುಂಬಿಸುವ ಶಿಸ್ತು ಹೆಚ್ಚಿನವರಿಗೆ ಬರುವುದಿಲ್ಲ.

ಕೆಲಸವನ್ನು ಬಿಡಿಸಿ ನೋಡಿದಾಗ

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ; ಆದರೆ ಇಲ್ಲಿ ಚಾಚಬೇಕಾದ ಕಾಲುಗಳು ಮೂರು, ಮೂರೂ ಒಂದೇ ಅವಸರದವಲ್ಲ. 1000ವನ್ನು ಒಂದೇ ಗಂಟಾಗಿ ನೋಡಿದ್ದರಿಂದಲೇ ‘ಸಾಲವೋ ನಗದೋ’ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. ಗಂಟು ಬಿಚ್ಚಿ ಒಂದೊಂದು ಕೆಲಸಕ್ಕೂ ಬೇರೆಯೇ ಪ್ರಶ್ನೆ ಹಾಕಬೇಕು: ಇದನ್ನು ಒಂದು ವರ್ಷ ತಡಮಾಡಿದರೆ ಎಷ್ಟು ನಷ್ಟ?

ತಾರಸಿಯ 340ರಲ್ಲಿ ಜಲನಿರೋಧಕ ಲೇಪನಕ್ಕೆ 190, ಇಳಿಜಾರು ಮತ್ತು ನೀರು ಹೋಗುವ ಬಾಯಿಗಳನ್ನು ಸರಿಪಡಿಸಲು 60, ಚಾವಣಿಯ ಕಾಂಕ್ರೀಟ್ ದುರಸ್ತಿಗೆ 90. ತಡವಾದರೆ ಮೊದಲ ಎರಡು ಅಷ್ಟಾಗಿ ಬೆಳೆಯುವುದಿಲ್ಲ. ಬೆಳೆಯುವುದು 90. ಕಬ್ಬಿಣ ತುಕ್ಕಾದಾಗ ಮೂಲ ಗಾತ್ರದ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಆ ಒತ್ತಡಕ್ಕೆ ಸುತ್ತಲಿನ ಕಾಂಕ್ರೀಟ್ ಸಿಡಿಯುತ್ತದೆ, ಸಿಡಿದ ಬಿರುಕಿನಿಂದ ಇನ್ನಷ್ಟು ನೀರು, ಗಾಳಿ ಒಳಹೊಕ್ಕು ಪಕ್ಕದ ಕಂಬಿಗೂ ತುಕ್ಕು ಹಿಡಿಯುತ್ತದೆ. 340ನ್ನು ಪೂರ್ತಿ 11% ಸಾಲದಲ್ಲೇ ತಂದರೂ ವರ್ಷದ ಬಡ್ಡಿ 37. ಒಂದು ಮಳೆಗಾಲದಲ್ಲಿ ಆ 90 ಸುಮಾರು ಐದರಲ್ಲಿ ಎರಡು ಪಾಲಿನಷ್ಟು ಬೆಳೆದು 127 ಆದರೂ ಬಡ್ಡಿಗೆ ಸಮ. ಹಾಗಾಗಿ ತಾರಸಿಯನ್ನು ಸಾಲ ಮಾಡಿಯಾದರೂ ಈಗಲೇ ಮಾಡಬೇಕಿತ್ತು. ಕೈಯಲ್ಲೇ ಹಣ ಇದ್ದದ್ದು ಅದೃಷ್ಟ.

ವೈರಿಂಗ್‌ದು ಹಣದ ಲೆಕ್ಕವೇ ಅಲ್ಲ. ಮೇನ್ ಆಫ್ ಮಾಡಿ, ಉಪಕರಣಗಳನ್ನೆಲ್ಲ ಬಿಡಿಸಿ, ವೈರಿನ ಹೊದಿಕೆಯ ನಿರೋಧ ಅಳೆಯುವ 500 ವೋಲ್ಟ್ ಮೆಗ್ಗರ್‌ನಿಂದ ಪರೀಕ್ಷಿಸಿದಾಗ ಎರಡು ಸರ್ಕ್ಯೂಟುಗಳಲ್ಲಿ ನಿರೋಧ 1 ಮೆಗಾಓಮ್‌ಗಿಂತ ಕಡಿಮೆ ಬಂತು. ಅದಕ್ಕಿಂತ ಕೆಳಗೆ ಇಳಿದ ವೈರಿಂಗನ್ನು ಉಳಿಸಿಕೊಳ್ಳುವ ಮಾತೇ ಇಲ್ಲ. ಸೋರಿಕೆ ಕರೆಂಟಿಗೆ ತುಂಡಾಗುವ 30 ಮಿಲಿಆಂಪ್ ಬ್ರೇಕರ್ ಕೂಡ ಮನೆಯಲ್ಲಿರಲಿಲ್ಲ.

ಅಡುಗೆಮನೆಗೆ ಒಂದು ವರ್ಷ ತಡವಾದರೆ ಏನಾಗುತ್ತದೆ? ಕಿರಿಕಿರಿ. ಸಿಂಕ್ ಕೆಳಗಿನ ಸೋರುವ ವಾಷರ್ ಬದಲಿಸಿದರೆ ಹಲಗೆ ಇನ್ನಷ್ಟು ಉಬ್ಬುವುದು ನಿಲ್ಲುತ್ತದೆ. ಆ ಕೆಲಸ ಅವತ್ತೇ ಮಾಡಿ ಮುಗಿಸಿದರು. ಉಳಿದದ್ದು ಆಸೆ. ಆಸೆ ತಪ್ಪೆಂದಲ್ಲ, ಅದಕ್ಕೆ ಬೆಲೆ ಎಷ್ಟೆಂದು ಗೊತ್ತಿರಬೇಕು.

ತಾರಸಿ ಒಡೆದಾಗ

ಅಂದಾಜಿನ ಮೇಲೆ 15%, ಅಂದರೆ 51ನ್ನು ತಾರಸಿಗೆ ಬೇರೆಯಾಗಿ ಎತ್ತಿಡಲಾಯಿತು. ವೈರಿಂಗ್‌ಗೆ 10%, ಅಡುಗೆಮನೆಗೆ 5%. ಒಂದೇ ಶೇಕಡಾವನ್ನು ಎಲ್ಲದಕ್ಕೂ ಹಚ್ಚುವುದು ಸರಿಯಲ್ಲ. ಒಡೆಯುವ ಮುನ್ನ ಕಾಣದ ಭಾಗ ಎಷ್ಟಿದೆಯೋ ಅಷ್ಟು ಎತ್ತಿಡಬೇಕು.

ಸುತ್ತಿಗೆಯಿಂದ ಚಾವಣಿಯನ್ನು ಮೆಲ್ಲನೆ ತಟ್ಟುತ್ತ ಹೋದರೆ ಗಟ್ಟಿ ಕಾಂಕ್ರೀಟ್ ಠಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡದ್ದು ಡಬ್ ಎನ್ನುತ್ತದೆ. ಡಬ್ ಎಂದ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದಾಗ ಕಣ್ಣಿಗೆ ಕಂಡದ್ದಕ್ಕಿಂತ 3 ಚದರ ಮೀಟರ್ ಹೆಚ್ಚು ಬಂತು. ಸಡಿಲ ಕಾಂಕ್ರೀಟನ್ನು ಕಂಬಿಯ ಹಿಂದೆ 20 ಮಿ.ಮೀ. ಜಾಗ ಸಿಗುವವರೆಗೆ ತೆಗೆದು, ಕಂಬಿಯನ್ನು ಸುತ್ತಲೂ ಹೊಳೆಯುವಂತೆ ಉಜ್ಜಿ, ತುಕ್ಕು ತಡೆಯುವ ಲೇಪ ಹಚ್ಚಿ, ಹಳೆಯದಕ್ಕೂ ಹೊಸದಕ್ಕೂ ಬೆಸುಗೆಯಾಗುವ ಬಾಂಡಿಂಗ್ ಕೋಟ್ ಬಳಿದು, ಪಾಲಿಮರ್ ಗಾರೆಯನ್ನು ಪದರ ಪದರವಾಗಿ ತುಂಬಬೇಕು. ಕಂಬಿಯ ಮುಂಭಾಗ ಮಾತ್ರ ಉಜ್ಜಿ ಹಿಂಭಾಗ ಬಿಟ್ಟರೆ ಬೇಗನೆ ಅದೇ ಜಾಗ ಮತ್ತೆ ಉದುರುತ್ತದೆ. ಕಡಿಮೆ ದರ ಹೇಳಿದ ಗುತ್ತಿಗೆದಾರ ಉಳಿಸುವುದು ಹೆಚ್ಚಾಗಿ ಇಲ್ಲಿಯೇ.

ಮೇಲೆ ನೋಡಿದರೆ ಸೋರಿಕೆಗೆ ಕಾರಣ ತಾರಸಿಯ ನಡುಭಾಗ ಆಗಿರಲಿಲ್ಲ. ಸುತ್ತುಗೋಡೆ ತಾರಸಿಗೆ ಕೂಡುವ ಮೂಲೆ, ಮತ್ತು ನೀರು ಇಳಿಯುವ ಕೊಳವೆಯ ಬಾಯಿ. ಮೂಲೆಗೆ ಗಾರೆಯಿಂದ ಇಳಿಜಾರು ಅಂಚು ಕಟ್ಟಿ, ಅಲ್ಲಿ ಫೈಬರ್ ಜಾಲರಿ ಹುದುಗಿಸಿ, ಲೇಪನವನ್ನು ಎರಡು ಕೋಟ್, ಒಂದು ಉದ್ದಕ್ಕೆ ಒಂದು ಅಡ್ಡಕ್ಕೆ, ಹಚ್ಚಲಾಯಿತು. ಇಳಿಜಾರು 100ಕ್ಕೆ 1. ಲೇಪನ ಒಣಗಿದ ಮೇಲೆ ಕೊಳವೆ ಬಾಯಿ ಮುಚ್ಚಿ 50 ಮಿ.ಮೀ. ನೀರನ್ನು 48 ಗಂಟೆ ನಿಲ್ಲಿಸಿ ನೋಡಿದರು. ಆ ನೀರು ಪ್ರತಿ ಚದರ ಮೀಟರಿಗೆ 50 ಕಿಲೋ ಭಾರ. ಕಂಬಿ ತುಕ್ಕಾದ ಚಾವಣಿಯ ಮೇಲೆ ದುರಸ್ತಿಗೆ ಮುಂಚೆಯೇ ಹೀಗೆ ನಿಲ್ಲಿಸುವುದು ಸಾಹಸ, ಬೇಡ.

ಹಣ ಕೊಡುವ ಹಂತಗಳನ್ನು ಒಪ್ಪಂದದಲ್ಲೇ ಬರೆಸಲಾಗಿತ್ತು: ಮುಂಗಡ 10%, ಒಡೆದು ಗೆರೆ ಎಳೆದ ಮೇಲೆ 25%, ಚಾವಣಿ ದುರಸ್ತಿ ಮುಗಿದ ಮೇಲೆ 25%, ನೀರು ನಿಲ್ಲಿಸಿದ ಪರೀಕ್ಷೆ ಗೆದ್ದ ಮೇಲೆ 30%, ಮೊದಲ ದೊಡ್ಡ ಮಳೆ ಕಳೆದ ಮೇಲೆ 10%. ನಗದಿನಲ್ಲಿ ಮಾಡುವವರು ಮರೆಯುವ ಅನುಕೂಲ ಇದು. ಸಾಲದ ಹಣ ಒಂದೇ ಸಲ ಖಾತೆಗೆ ಬಿದ್ದರೆ ಬಡ್ಡಿ ಅಂದಿನಿಂದಲೇ ಓಡುತ್ತದೆ, ಕೆಲಸ ಆಮೆಯ ನಡಿಗೆಯಲ್ಲಿ ಸಾಗಿದರೂ. ನಗದಾದರೆ ಕೊಡುವ ದಿನದವರೆಗೆ ಅದು ನಿಮ್ಮದೇ.

ಹೆಚ್ಚುವರಿ 3 ಚದರ ಮೀಟರಿಗೆ 46 ಆಯಿತು. ಎತ್ತಿಟ್ಟ 51ರಲ್ಲೇ ಮುಗಿಯಿತು. ಒಟ್ಟು 386, ಅದರಲ್ಲಿ 34 ಮಳೆಗಾಗಿ ಹಿಡಿದಿಟ್ಟದ್ದು. ಎರಡನೇ ತಿಂಗಳ ಕೊನೆಗೆ ಖಾತೆಯಲ್ಲಿ 420ಕ್ಕೆ ಎರಡು ತಿಂಗಳ ಉಳಿಕೆ 70 ಸೇರಿ, 352 ಹೋಗಿ, 138 ಉಳಿದಿತ್ತು.

ನಾಲ್ಕನೇ ತಿಂಗಳ ಇಕ್ಕಟ್ಟು

ವೈರಿಂಗ್ ಮೂರನೇ ಮತ್ತು ನಾಲ್ಕನೇ ತಿಂಗಳಲ್ಲಿ ನಡೆಯಿತು. ಅಡುಗೆಮನೆಯ ಕೆಲಸ ಇನ್ನೂ ದೂರ ಇದ್ದರೂ ಅದರ ನಕ್ಷೆಯನ್ನು ಈಗಲೇ ಅಂತಿಮ ಮಾಡಬೇಕಿತ್ತು. ಓವನ್ ಎಲ್ಲಿ, ಫ್ರಿಜ್ ಎಲ್ಲಿ, ಮಿಕ್ಸಿಯ ಪ್ಲಗ್ ಯಾವ ಎತ್ತರದಲ್ಲಿ ಎಂದು ಗೊತ್ತಿಲ್ಲದೆ ಗೋಡೆ ಕೊರೆದರೆ ಆರು ತಿಂಗಳಾದ ಮೇಲೆ ಹೊಸ ಸಾರಣೆಯನ್ನೇ ಮತ್ತೆ ಕೊರೆಯಬೇಕಾಗುತ್ತದೆ. ಓವನ್‌ಗೆ ಪ್ರತ್ಯೇಕ ಸರ್ಕ್ಯೂಟ್ ಸೇರಿಸಿದ್ದರಿಂದ 14 ಹೆಚ್ಚಾಗಿ ವೈರಿಂಗ್ 194ಕ್ಕೆ ನಿಂತಿತು. ಕೆಲಸಗಳನ್ನು ಹಂತ ಹಂತವಾಗಿ ಮಾಡುವವರು ನಕ್ಷೆಯನ್ನೂ ಹಂತ ಹಂತವಾಗಿ ಮಾಡಲು ಹೋಗಿ ಏಟು ತಿನ್ನುತ್ತಾರೆ.

ಈಗ ಖಾತೆಯಲ್ಲಿ ಉಳಿದದ್ದು 14. ಠೇವಣಿಯ 380 ಇರುವುದರಿಂದ ಆಪದ್ಧನಕ್ಕೆ ಕೊರತೆಯಿಲ್ಲ, ಆದರೆ ಕೈಗೆ ಸಿಗುವ ಹಣ ಇಲ್ಲ. ದಿಢೀರ್ ಅಗತ್ಯಕ್ಕೆಂದು ಕೈಯಲ್ಲಿ ಒಂದು 60 ಇರಬೇಕು. ಠೇವಣಿ ಒಡೆಯೋಣವೇ? ಅವಧಿ ಮುಗಿಯಲು ಎರಡೇ ತಿಂಗಳು ಬಾಕಿ. ಒಡೆದರೆ ಕಳೆದ 22 ತಿಂಗಳಿಗೆ 1 ಶೇಕಡಾ ಅಂಶದ ಕಡಿತ, 380ರ ಮೇಲೆ ಸುಮಾರು 7. ಅದರ ಬದಲು ಠೇವಣಿಯನ್ನೇ ಆಧಾರವಾಗಿಟ್ಟು 8%ಗೆ ಓವರ್‌ಡ್ರಾಫ್ಟ್ ತೆಗೆದರೆ 60ಕ್ಕೆ ಎರಡು ತಿಂಗಳ ಬಡ್ಡಿ 0.8, ಠೇವಣಿ ಮಾತ್ರ ತನ್ನ 6.5% ತರುತ್ತಲೇ ಇರುತ್ತದೆ. ಓವರ್‌ಡ್ರಾಫ್ಟನ್ನೇ ತೆಗೆದರು. ಸಾಲ ಎಂದರೆ ಬೆಚ್ಚುವವರು ಇಂಥ ಕಡೆ 0.8 ಉಳಿಸಲು 7 ಕಳೆದುಕೊಳ್ಳುತ್ತಾರೆ.

ಆರನೇ ತಿಂಗಳ ಕೊನೆಗೆ ಮಳೆ ಬಂದು ಹೋಗಿತ್ತು, ಚಾವಣಿ ಒಣಗಿಯೇ ಇತ್ತು. ಹಿಡಿದಿಟ್ಟ 34 ಕೊಟ್ಟಾಯಿತು, ಠೇವಣಿಯೂ ಕೈಗೆ ಬಂತು, ಓವರ್‌ಡ್ರಾಫ್ಟ್ ತೀರಿತು. ಚಿಲ್ಲರೆ ಬಿಟ್ಟರೆ ಒಟ್ಟು 430. ಆಪದ್ಧನ 340 ಬದಿಗಿಟ್ಟರೆ ಅಡುಗೆಮನೆಗೆ 90.

‘ಶೂನ್ಯ ಬಡ್ಡಿ’ಯ ಅಡುಗೆಮನೆ

ಕಪಾಟು ಮಾಡುವ ಕಂಪನಿಯವರು ಮೊದಲು ಹೇಳಿದ್ದು ಬಡ್ಡಿಯೇ ಇಲ್ಲದ 24 ಕಂತು, ತಿಂಗಳಿಗೆ 22.2. ನಗದಾದರೆ ಎಷ್ಟು ಎಂದು ಕೇಳಿದ ಮೇಲೆಯೇ 480 ಎಂಬ ಬೆಲೆ ಹೊರಬಿದ್ದದ್ದು. 22.2ರಂತೆ 24 ತಿಂಗಳಿಗೆ 533. ಬಡ್ಡಿ ಬೆಲೆಯೊಳಗೆ ಅಡಗಿ ಕೂತಿದೆ. 480ಕ್ಕೆ 22.2ರ 24 ಕಂತು ಎಂದರೆ ವರ್ಷಕ್ಕೆ ಸುಮಾರು 10.2%. ವೈಯಕ್ತಿಕ ಸಾಲದ ಹತ್ತಿರ ಹತ್ತಿರವೇ. ಇದರಲ್ಲಿ ಇನ್ನೂ ಒಂದು ಕೊಕ್ಕೆ: ಬಡ್ಡಿ ‘ಇಲ್ಲ’ ಎಂದ ಮೇಲೆ ಬೇಗ ತೀರಿಸಿದರೆ ಬಿಟ್ಟುಕೊಡಲು ಅವರ ಬಳಿ ಬಡ್ಡಿಯೂ ಇರುವುದಿಲ್ಲ. ಮೂರನೇ ತಿಂಗಳಲ್ಲೇ ಮುಗಿಸಿದರೂ 533 ಪೂರ್ತಿ ಕೊಡಬೇಕು.

ಸಾಲಕ್ಕೆ ಹೋಗುವ ಮುನ್ನ ಕೆಲಸವನ್ನೇ ಕತ್ತರಿಸಿ ನೋಡಿದರು. 480ರಲ್ಲಿ 70 ಸಿಂಕನ್ನು ಎದುರು ಗೋಡೆಗೆ ಸಾಗಿಸುವುದಕ್ಕೇ ಇತ್ತು: ನೆಲ ಒಡೆದು, ಹೊಸ ಕೊಳವೆಗೆ ಮೀಟರಿಗೆ 2 ಸೆಂ.ಮೀ. ಇಳಿಜಾರು ಕೊಟ್ಟು, ಮತ್ತೆ ಟೈಲ್ಸ್ ಹಾಕುವ ಕೆಲಸ. ಸಿಂಕ್ ಇದ್ದಲ್ಲೇ ಉಳಿಯಿತು. ಬೇಕಾದದ್ದು 410.

ಒಂಬತ್ತನೇ ತಿಂಗಳ ಕೊನೆಗೆ 90ಕ್ಕೆ ಮೂರು ತಿಂಗಳ 105 ಸೇರಿ 195 ಆಗುತ್ತದೆ, ಗಂಡನ ಒಪ್ಪಂದದ ಗತಿಯೂ ಗೊತ್ತಾಗುತ್ತದೆ. ಅಲ್ಲಿಯವರೆಗೆ ಯಾವ ಸಾಲಕ್ಕೂ ಸಹಿ ಇಲ್ಲ ಎಂದು ನಿರ್ಧರಿಸಿದರು. ಈ ಪ್ರಕರಣದಲ್ಲಿ ಅತ್ಯಂತ ಸರಿಯಾದ ನಿರ್ಧಾರ ಇದೇ ಎನ್ನಬೇಕು. ಒಪ್ಪಂದ ಮುಂದುವರಿಯದಿದ್ದರೆ ಅಡುಗೆಮನೆ ಮುಂದಕ್ಕೆ ಹೋಗುತ್ತಿತ್ತು, ಅಷ್ಟೇ. ತಲೆಯ ಮೇಲೆ ಕಂತು ಇರುತ್ತಿರಲಿಲ್ಲ.

ಒಪ್ಪಂದ ಮುಂದುವರಿಯಿತು. ಈಗ ಎರಡು ದಾರಿ. ಕಾದರೆ, ತಿಂಗಳಿಗೆ 35ರಂತೆ ಉಳಿದ 215 ಕೂಡಲು ಇನ್ನೂ ಏಳು ತಿಂಗಳು. ಇಲ್ಲವೇ 170 ಕೈಯಿಂದ ಹಾಕಿ 240 ಸಾಲ: 11%, ಎರಡು ವರ್ಷ, ಕಂತು 11.2, ಪೂರ್ತಿ ಅವಧಿಗೆ ಬಡ್ಡಿ 28.5, ಶುಲ್ಕ 4.8. ಆದರೆ ಪೂರ್ತಿ ಅವಧಿ ಓಡಿಸಬೇಕಾಗಿಲ್ಲ. ಕಂತು ಕಟ್ಟಿಯೂ ತಿಂಗಳಿಗೆ 23.8 ಉಳಿಯುತ್ತದೆ. ಏಳನೇ ಕಂತಿನ ಹೊತ್ತಿಗೆ ಸಾಲದ ಬಾಕಿ 175.3, ಕೈಯಲ್ಲೂ ಅಷ್ಟು ಕೂಡಿರುತ್ತದೆ. ಆಗಲೇ ಮುಚ್ಚಿದರೆ ಕಟ್ಟಿದ ಬಡ್ಡಿ 13.6, ಶುಲ್ಕ ಸೇರಿ 18.4. ಅಡುಗೆಮನೆ ಏಳು ತಿಂಗಳು ಮೊದಲೇ ಸಿಗುವುದರ ಬೆಲೆ ಇದು, ಅರ್ಧ ತಿಂಗಳ ಉಳಿಕೆಗಿಂತ ತುಸು ಹೆಚ್ಚು. ಕಾಯುವುದೂ ತಪ್ಪಾಗುತ್ತಿರಲಿಲ್ಲ. ದಿನಕ್ಕೆ ಮೂರು ಹೊತ್ತು ಆ ಕಪಾಟಿನ ಮುಂದೆ ನಿಲ್ಲುವವರು ಸಾಲವನ್ನೇ ಆರಿಸಿದರು.

ಎರಡು ಕಡೆ ಸಾಲ ಸಿಗುತ್ತಿತ್ತು. ಒಂದರ ದರ ಅರ್ಧ ಶೇಕಡಾ ಕಡಿಮೆ, ಆದರೆ ಅವಧಿಗೆ ಮುನ್ನ ತೀರಿಸಿದರೆ ಬಾಕಿಯ 4% ಶುಲ್ಕ. ಇನ್ನೊಂದು 11%, ಮುಂಚೆ ತೀರಿಸಲು ಶುಲ್ಕವಿಲ್ಲ. ಏಳು ತಿಂಗಳಲ್ಲಿ ಅರ್ಧ ಶೇಕಡಾದಿಂದ ಉಳಿಯುವುದು 0.6, 175ರ 4% ಎಂದರೆ 7. ದರವನ್ನು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ, ಈ ಶುಲ್ಕವನ್ನು ಒಪ್ಪಂದದ ಒಳಪುಟದಲ್ಲಿ. ಸಹಿ ಹಾಕುವ ದಿನ ಸಾಲದ ಜೊತೆ ವಿಮೆಯನ್ನೂ ಅಂಟಿಸಿ ಅದರ ಹಣವನ್ನು ಅಸಲಿಗೇ ಸೇರಿಸುವ ಅಭ್ಯಾಸವೂ ಇದೆ. ಅದು ಕಡ್ಡಾಯವೇ ಎಂದು ಬರಹದಲ್ಲಿ ಕೇಳಿದಾಗ ಆ ಸಾಲು ಕಾಗದದಿಂದ ಮಾಯವಾಯಿತು.

ಶುಲ್ಕ ಮೊದಲೇ ಕಡಿತವಾಗಿ ಕೈಗೆ ಬಂದದ್ದು 240 ಅಲ್ಲ, 235.2. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯದಿದ್ದರೆ ಕೊನೆಯ ಬಿಲ್ಲಿಗೆ ಅಷ್ಟು ಕಡಿಮೆ ಬೀಳುತ್ತದೆ. ಹಣವನ್ನು ಖಾತೆಗೆ ಹಾಕಿಸಿಕೊಂಡದ್ದು ಕಪಾಟಿನ ಅಳತೆ ಅಂತಿಮವಾದ ಮೇಲೆ. ಒಂದು ತಿಂಗಳು ಮೊದಲೇ ಹಾಕಿಸಿಕೊಂಡಿದ್ದರೆ ಸುಮ್ಮನೆ 2.2 ಬಡ್ಡಿ. ಡ್ರಾಯರ್‌ನ ರೈಲುಗಳನ್ನು ಭಾರ ತಡೆಯುವಂಥವಕ್ಕೆ ಬದಲಿಸಿದ್ದರಿಂದ ಕೆಲಸ 9 ಮೀರಿತು, ಎತ್ತಿಟ್ಟ 20ರೊಳಗೇ.

ಹದಿನಾರನೇ ತಿಂಗಳು ಏಳನೇ ಕಂತು ಕಟ್ಟಿದಾಗ ಆಪದ್ಧನದ ಮೇಲೆ ಕೈಯಲ್ಲಿದ್ದದ್ದು 177.9. ಬಾಕಿ 175.3 ಕಟ್ಟಿ ಸಾಲ ಮುಚ್ಚಿದರು, 2.6 ಮಿಕ್ಕಿತು. ಬಾಕಿ ಇಲ್ಲ ಎಂಬ ಪತ್ರ ಬರೆಸಿಕೊಂಡು, ಖಾತೆಯಿಂದ ತಾನಾಗಿ ಕಡಿತವಾಗುವ ಆದೇಶವನ್ನೂ ಅದೇ ದಿನ ರದ್ದು ಮಾಡಿಸಿದರು. ಅದನ್ನು ಮರೆತರೆ ತೀರಿದ ಸಾಲದ ಎಂಟನೇ ಕಂತೂ ಮುಂದಿನ ತಿಂಗಳು ಖಾತೆಯಿಂದ ಹೋಗುವುದುಂಟು, ವಾಪಸು ತರಿಸಲು ಪತ್ರ ಬರೆಯುತ್ತ ಕೂರಬೇಕು.